ಜುಲೈನಲ್ಲಿ ಮಲ್ಪೆಗೆ ಬಂದ್ರೆ ಏನಾದ್ರೂ ನೋಡೋಕೆ ಸಿಗುತ್ತಾ? ಅಮ್ಮನಿಗೆ ಮೀನುಗಾರರ ಊರು ತೋರಿಸ್ಬೇಕು

ಹಿರಿಯೂರಿನವಳು:
ಎಲ್ರಿಗೂ ನಮಸ್ಕಾರ. ನಮ್ಮಮ್ಮನಿಗೆ ಈಗ 64. ಹುಟ್ಟಿದ್ದು ಬೆಳೆದಿದ್ದು ಎಲ್ಲ ಹಿರಿಯೂರು ಕಡೆ, ಮೀನು ಅಂದ್ರೆ ವಾಣಿವಿಲಾಸ ಸಾಗರದ ಮೀನು, ದೊಡ್ಡ ನೀರು ಅಂದ್ರೂ ಅದೇ ಮಾರಿಕಣಿವೆ ನೀರು. ಸಮುದ್ರನ ಒಂದೇ ಸಲ ನೋಡಿರೋದು, ಧರ್ಮಸ್ಥಳ ಟೂರ್ ಬಸ್ಸಲ್ಲಿ ಹೋದಾಗ ಉಡುಪಿ ಮುಗಿಸ್ಕೊಂಡು ಮಲ್ಪೇಲಿ ಅರ್ಧ ಗಂಟೆ ನಿಲ್ಲಿಸಿದ್ರಂತೆ, ಕತ್ತಲಾಗಿತ್ತು, ಸದ್ದು ಕೇಳಿಸ್ತು ಅಷ್ಟೆ ಅಂತಾರೆ. ಈಗ ಎರಡು ತಿಂಗಳಿಂದ ಒಂದೇ ಮಾತು, ಆ ದೋಣಿಯವ್ರು ಹೆಂಗೆ ಹೋಗ್ತಾರೆ ಹೆಂಗೆ ಬರ್ತಾರೆ ನೋಡ್ಬೇಕು ಕಣೆ ಅಂತ. ಬೀಚಲ್ಲಿ ಕೂತು ಬರೋದಲ್ಲ, ಊರು ನೋಡ್ಬೇಕಂತೆ.

ನನಗೆ ರಜ ಸಿಗೋದು ಜುಲೈ ಮೂರನೇ ವಾರ. ಮಗ 9 ವರ್ಷದವನು, ಅವನಿಗೆ ಸೇಂಟ್ ಮೇರೀಸ್ ದ್ವೀಪ ನೋಡೋ ಆಸೆ. ಮಳೆ ಇರುತ್ತೆ ಗೊತ್ತು, ಅದರ ಬಗ್ಗೆ ಚಿಂತೆ ಇಲ್ಲ, ಆದ್ರೆ ಬಂದ್ರೆ ಬೋಟು ಮೀನು ಹರಾಜು ಇದೆಲ್ಲ ನೋಡೋಕೆ ಸಿಗುತ್ತಾ? ಆ ಕಡೆಯವರು ಯಾರಾದ್ರೂ ಹೇಳಿ ಪ್ಲೀಸ್.

ದಕ್ಕೆ ಹುಡುಗ:
ನಾನು ಮಲ್ಪೆಯವನೇ, ಮನೆಯಲ್ಲಿ ಎರಡು ತಲೆಮಾರಿಂದ ಬೋಟಿನ ಕೆಲಸ. ಮೇಡಂ ಒಂದು ವಿಷ್ಯ ಮೊದ್ಲೇ ಹೇಳ್ತೇನೆ. ಜೂನ್ 1ರಿಂದ ಜುಲೈ 31ರ ತನಕ ಒಟ್ಟು 61 ದಿನ ನಮ್ಮಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ ಉಂಟು. ಟ್ರಾಲ್ ಬೋಟ್, ದೊಡ್ಡ ಸುತ್ತುಬಲೆ ಹಾಕುವ ಪರ್ಸಿನ್ ಬೋಟ್, ಆಳಸಮುದ್ರದ ಬೋಟ್ ಯಾವ್ದೂ ಹೋಗ್ಲಿಕ್ಕಿಲ್ಲ. ಮಳೆಗಾಲ ತುಂಬಾ ಜಾತಿ ಮೀನು ಮೊಟ್ಟೆ ಇಡುವ ಸಮಯ, ಕಡಲೂ ಆಗ ಬೋಟ್ ಬಿಡುವ ಹಾಗೆ ಇರೂದಿಲ್ಲ. ದ್ವೀಪಕ್ಕೆ ಹೋಗುವ ಬೋಟೂ ಬಂದ್, ಅದು ಮಳೆ ಪೂರ್ತಿ ಕಮ್ಮಿ ಆದ ಮೇಲೆಯೇ ಶುರು. ಬೀಚಿನಲ್ಲಿ ಉದ್ದಕ್ಕೆ ಬಲೆ ಕಟ್ಟಿ ಕೆಂಪು ಬಾವುಟ ಹಾಕಿರ್ತಾರೆ, ನೀರಿಗೆ ಇಳೀಲಿಕ್ಕೆ ಬಿಡೂದಿಲ್ಲ, ಬಿಡ್ಲೂಬಾರ್ದು.

ಹಾಗಂತ ಏನೂ ಇಲ್ಲ ಅಂತ ಅಲ್ಲ. ಆ ಎರಡು ತಿಂಗಳು ಇಡೀ ಬಂದರು ಬೋಟಿಂದ ತುಂಬಿ ಹೋಗಿರ್ತದೆ, ಒಂದಕ್ಕೊಂದು ತಾಗಿಸಿ ಕಟ್ಟಿರ್ತಾರೆ, ಒಂದರ ಮೇಲೆ ಕಾಲಿಟ್ಟು ಇನ್ನೊಂದಕ್ಕೆ ದಾಟಿ ಹೋಗ್ಬಹುದು ಅಷ್ಟು ಹತ್ತಿರ. ಕೆಲವು ದಡಕ್ಕೆ ಎಳೆದು ರಿಪೇರಿ ಮಾಡ್ತಿರ್ತಾರೆ, ಪೈಂಟ್ ಆಗ್ತದೆ, ಶೆಡ್ಡಿನ ಒಳಗೆ ಕೂತು ಬಲೆ ಕಟ್ತಾರೆ. ವರ್ಷ ಇಡೀ ಕಡಲಿನಲ್ಲಿ ಇರುವವರು ಮನೆಯಲ್ಲಿ ಸಿಗುವ ಎರಡು ತಿಂಗಳು ಅದು. ಆದ್ರೆ ನಿಮ್ಮ ಅಮ್ಮನಿಗೆ ಬೋಟ್ ಬರೂದು ಹೋಗೂದು ಮತ್ತೆ ಏಲಂ ನೋಡ್ಬೇಕು ಅಂತಾದ್ರೆ ಜುಲೈ ಬೇಡ.

ರಜಾ ಪ್ಲಾನರ್:
ಜುಲೈನಲ್ಲಿ ಹೋದ್ರೆ ದುಡ್ಡು ದಂಡ. ನಾವು ಹೋದ ವರ್ಷ ಹೋಗಿ ಮೂರು ದಿನ ರೂಮಲ್ಲೇ ಕೂತಿದ್ವಿ, ದ್ವೀಪ ಇಲ್ಲ, ಬೋಟಿಂಗ್ ಇಲ್ಲ, ಏನೂ ಇಲ್ಲ. ಡಿಸೆಂಬರಲ್ಲಿ ಹೋಗಿ.

ಕುಂದಾಪ್ರದವ:
ಹ್ವಾಯ್ ಹಾಂಗೆ ಹೇಳ್ಬೇಡಿ ಮರ್ರೆ. ಮಳೆಗಾಲದ ಕಡಲು ಕಾಣದಿದ್ರೆ ಕಡಲು ಕಂಡಂಗೇ ಅಲ್ಲ. ದೊಡ್ಡ ಬೋಟ್ ನಿಂತ್ರೂ ನಾಡದೋಣಿಯವ್ರಿಗೆ ಅದೇ ಸೀಸನ್. ಮೋಟಾರ್ 10 ಅಶ್ವಶಕ್ತಿ ಒಳಗಿದ್ದ ದೋಣಿ ಮತ್ತೆ ಸಾಂಪ್ರದಾಯಿಕ ದೋಣಿಗೆ ಆಗ್ಲೂ ಹೋಪುಕೆ ಅಡ್ಡಿಲ್ಲ. ಆದ್ರೆ ಅವ್ರೂ ಜೂನ್ ಶುರುವಿಗೇ ಇಳಿಯೂದಿಲ್ಲ, ಒಂದ್ ಸಲ ಕಡಲು ತೂಫಾನ್ ಆಯ್ಕ್. ಅಡಿಯ ಕೆಸರು ಮೇಲೆ ಬಂದು ನೀರು ಕಲಕಿ, ಆಮೇಲೆ ಒಂದೆರಡು ದಿನ ತಣ್ಣಗಾದ್ರೆ ಮೀನು ದಡದ ಬದಿಗೆ ಬತ್ತ್, ಅವಾಗ ಮಾಟುಬಲೆ ಕಟ್ಕಂಡ್ ಗುಂಪಾಯಿ ಹೊರಡೂದ್. ತೂಫಾನ್ ಸರೀ ಆಗದ ವರ್ಷ ಎಲ್ಲರ ಮುಖ ಬಾಡಿರುತ್ತ್. ಹೊರಗಿನವ್ರು ಮಳೆ ಬಿದ್ರೆ ಬೈತಾರೆ, ನಮ್ಮಲ್ಲಿ ಗಾಳಿ ಮಳೆ ಜೋರಾಗದಿದ್ರೆ ಚಿಂತೆ.

ಅಲೆ ಮಧ್ಯ ಅಳಿವೆ ದಾಟಿ ದೋಣಿ ಹೋಪ್ದು ಕಾಂಬುಕೆ ಎದೆ ಗಟ್ಟಿ ಬೇಕ್. ನಮ್ಮ ಮರವಂತೆಯಲ್ಲಿ ಕರ್ಕಾಟಕ ಅಮಾವಾಸ್ಯೆಗೆ ಮಾರಸ್ವಾಮಿ ಜಾತ್ರೆ ಇತ್ತ್, ಒಂದ್ ಬದಿ ಕಡಲು ಇನ್ನೊಂದ್ ಬದಿ ಸೌಪರ್ಣಿಕಾ ಹೊಳೆ, ಮಧ್ಯ ಹೈವೇ. ಮೀನುಗಾರರು ರೈತರು ಹೊಸ ಮದಿ ಆದವ್ರು ಎಲ್ಲ ಬತ್ತ್ರ್. ಮಲ್ಪೆಗೆ ಬಂದವ್ರು ಅಲ್ಲಿಗೂ ಒಂದ್ ಸಲ ಬನ್ನಿ.

ಹಿರಿಯೂರಿನವಳು:
ತೂಫಾನ್ ವಿಷಯ ಅಮ್ಮನಿಗೆ ಓದಿ ಹೇಳ್ದೆ. ನಮ್ಮ ಕಡೆ ಹದ ಮಳೆಗೆ ಕಾಯ್ತೀವಲ್ಲ ಹಂಗೇನಾ ಅಂತ ಕೇಳಿದ್ರು. ಹಂಗಾದ್ರೆ ಯಾವಾಗ ಬರೋದು ಸರಿ ನೀವೇ ಹೇಳಿ, ರಜ ಹೆಂಗಾದ್ರೂ ಹೊಂದಿಸ್ತೀನಿ.

ಹುಬ್ಬಳ್ಳಿ ಅಕ್ಕ:
ನಾವು ನವೆಂಬರ್‌ದಾಗ ಹೋಗಿದ್ವಿ ನೋಡ್ರಿ. ಬೆಳಗಿನ ಐದೂವರಿಗೆ ದಕ್ಕಿಗೆ, ಅಂದ್ರ ಬೋಟ್ ನಿಲ್ಲೋ ಕಟ್ಟಿಗೆ, ಹೋದ್ವಿ, ಅಲ್ಲಿ ಖರೆ ಹೇಳ್ಬೇಕಂದ್ರ ನಮ್ಮ ಎಪಿಎಂಸಿ ನೆನಪಾತು, ಅಷ್ಟು ಗದ್ದಲ. ಬೋಟಿನಿಂದ ಮೀನು ಇಳಸೋರು, ಐಸ್ ಹಾಕೋರು, ಲಾರಿ ತುಂಬೋರು, ನೆಲದ ಮ್ಯಾಲೆ ರಾಶಿ ರಾಶಿ ಬಂಗುಡಿ. ಏಲಂ ಎಷ್ಟು ಲಗೂ ಮುಗೀತೈತಿ ಅಂದ್ರ ನಮಗ ತಿಳಿಯೂದ್ರಾಗ ಮುಂದಿನ ರಾಶಿಗೆ ಹೋಗಿರ್ತಾರ.

ಅಲ್ಲೊಂದು ತಪ್ಪು ಆತ್ರಿ ನಮ್ಮಿಂದ, ಹೇಳೇ ಬಿಡ್ತೀನಿ. ನಮ್ಮ ಮನ್ಯಾರು ಬುಟ್ಟಿ ತುಂಬಸ್ಕೊಳ್ಳೋ ಒಬ್ಬ ಹೆಣಮಗಳ ಮುಂದ ಮೊಬೈಲ್ ಹಿಡದು ಹತ್ರದಿಂದ ಫೋಟೋ ಮ್ಯಾಲೆ ಫೋಟೋ ಹೊಡದ್ರು. ಆಕಿ ಸಿಟ್ಟಾಗಿ ತುಳುವಿನ್ಯಾಗ ಏನೋ ಅಂದ್ಲು, ಭಾಷಾ ತಿಳೀಲಿಲ್ಲ ಖರೆ, ಮಾರಿ ನೋಡಿದ್ರ ತಿಳೀತು. ನಾನು ಹೋಗಿ ತಪ್ಪಾತವಾ ಅಂದೆ, ಫೋಟೋ ಆಕಿ ಮುಂದನ ಅಳಿಸಿಸಿದೆ. ಆಮ್ಯಾಲೆ ಆಕೀನ ಕನ್ನಡದಾಗ ಹೇಳಿದ್ಲು, ರಾತ್ರಿ ಮೂರಕ್ಕ ಎದ್ದು ಬಂದೀನಿ, ಈ ಅವತಾರದಾಗ ನನ್ನ ಫೋಟೋ ಊರಿಗೆಲ್ಲ ಯಾಕ ಅಂತ. ಆ ಮಾತು ಇವತ್ತಿಗೂ ನನ್ನ ತೆಲಿಯೊಳಗ ಐತಿ. ಬ್ಯಾರೆ ಒಂದು ಮಾತು, ಬೀಚ್ ಹತ್ರದ ಒಂದು ಲಾಡ್ಜಿನ್ಯಾಗ ಹೇಳಿದ್ದು ಒಂದು ರೇಟ್ ತಗೊಂಡದ್ದು ಒಂದು, ಹೋಗೂಮುಂದ ಬರವಣಿಗಿಯೊಳಗ ಕೇಳ್ಕೊರಿ.

ಬುಟ್ಟಿ ಮಗಳು:
ಹುಬ್ಬಳ್ಳಿ ಅಕ್ಕ, ನೀವು ಇದನ್ನ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ನನ್ನ ಅಮ್ಮ 28 ವರ್ಷ ಮಲ್ಪೆ ದಕ್ಕೆಯಿಂದ ಮೀನು ತಗೊಂಡು ತಲೆ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮಾರಿದವ್ರು, ಕೊನೆಗೆ ಸೊಂಟ ನೋವು ಜೋರಾಗಿ ಮಾರ್ಕೆಟಿನಲ್ಲಿ ಕೂತ್ಕೊಂಡ್ರು. ನಾನು ಡಿಗ್ರಿ ಮಾಡಿದ್ದು ಆ ದುಡ್ಡಿನಲ್ಲಿ. ಪ್ರವಾಸಕ್ಕೆ ಬಂದವರಿಗೆ ದಕ್ಕೆ ಅಂದ್ರೆ ನೋಡುವ ಜಾಗ, ನಮಗೆ ಅದು ಕೆಲಸದ ಜಾಗ. ನಿಮ್ಮ ಆಫೀಸಿಗೆ ಯಾರೋ ಬಂದು ನಿಮ್ಮ ಟೇಬಲ್ ಎದುರು ನಿಂತು ವಿಡಿಯೋ ಮಾಡಿದ್ರೆ ಹೇಗಾಗ್ತದೆ ಹಾಗೆ.

ಬರಬಾರ್ದು ಅಂತ ಖಂಡಿತ ಅಲ್ಲ, ಬನ್ನಿ. ಗಾಡಿ ಲಾರಿ ಹೋಗುವ ದಾರಿಗೆ ಅಡ್ಡ ನಿಲ್ಬೇಡಿ, ನೆಲ ಜಾರ್ತದೆ ಹಾಗಾಗಿ ಅಮ್ಮನಿಗೆ ಹಿಡಿತ ಇರುವ ಚಪ್ಪಲಿ ಹಾಕ್ಸಿ. ಮಾತಾಡ್ಬೇಕು ಅಂತಿದ್ರೆ ಏಲಂ ಮುಗಿದು ಬುಟ್ಟಿ ತುಂಬಿಸಿ ಒಂದು ಚಾ ಕುಡಿಯುವ ಹೊತ್ತು ಬರ್ತದೆ, ಆಗ ಹತ್ತಿರ ಹೋಗಿ ಅಕ್ಕಾ ಇದು ಎಂತ ಮೀನು ಅಂತ ಕೇಳಿ, ಸಾಕು, ಅವರೇ ಎಲ್ಲ ಹೇಳ್ತಾರೆ. ಬೂತಾಯಿ ಯಾವ್ದು, ಬಂಗುಡೆ ಯಾವ್ದು, ಕಾಣೆ ಯಾವ್ದು, ಮಾಂಜಿಯಲ್ಲಿ ಬಿಳಿ ಯಾವ್ದು ಕಪ್ಪು ಯಾವ್ದು, ಅಂಜಲ್ ತುಂಡು ಮಾಡುವಾಗ ಎಷ್ಟು ದಪ್ಪ ಇರ್ಬೇಕು, ಎಲ್ಲ. ಕಿವಿರು ಕೆಂಪಿದ್ಯಾ, ಕಣ್ಣು ಹೊಳಿತದಾ ನೋಡಿ ತಗೊಳ್ಳಿ ಅಂತ ಮಾರುವವರೇ ಹೇಳಿಕೊಡ್ತಾರೆ. ನಿಷೇಧದ ಸಮಯದಲ್ಲಿ ನಮ್ಮ ಹೆಂಗಸರಿಗೆ ಕೆಲಸ ಅರ್ಧ, ನಾಡದೋಣಿ ಮೀನು, ಹೊಳೆ ಮೀನು, ಹೊರರಾಜ್ಯದಿಂದ ಐಸಿನಲ್ಲಿ ಬಂದದ್ದು, ಮತ್ತೆ ಒಣಮೀನು, ಇದ್ರಲ್ಲೇ ದಿನ ದೂಡೂದು. ಆಗ ಬಂದು ತಗೊಂಡ್ರೆ ಅದೂ ದೊಡ್ಡ ಉಪಕಾರವೇ.

ದಕ್ಕೆ ಹುಡುಗ:
ಮೇಲಿನವರು ಹೇಳಿದ್ದು ಒಂದೊಂದು ಅಕ್ಷರ ಸತ್ಯ. ಬೋಟಿನ ಹೆಸರು ಹೇಳುವಾಗ ಎಲ್ಲರೂ ಬೋಟ್ ನಡೆಸುವ ತಂಡೇಲರ ಹೆಸರು ಹೇಳ್ತಾರೆ, ದಡದ ಮೇಲೆ ದುಡಿಯುವ ಈ ಅಮ್ಮಂದಿರ ಹೆಸರು ಯಾರೂ ಹೇಳೂದಿಲ್ಲ. ಅವರಿಲ್ಲದಿದ್ರೆ ನಾವು ತಂದ ಮೀನು ಯಾರ ಮನೆ ಅಡಿಗೆಗೂ ಹೋಗ್ಲಿಕ್ಕಿಲ್ಲ.

ಹಿರಿಯೂರಿನ ಮೇಡಂಗೆ: ಶ್ರಾವಣ ಹುಣ್ಣಿಮೆಗೆ ಬನ್ನಿ, ನಾವು ನೂಲ ಹುಣ್ಣಿಮೆ ಅಂತೇವೆ. ಆ ದಿನ ಸಮುದ್ರ ಪೂಜೆ. ವಡಭಾಂಡೇಶ್ವರ ಬಲರಾಮ ದೇವಸ್ಥಾನದಲ್ಲಿ ಪೂಜೆ ಆಗಿ ಅಲ್ಲಿಂದ ಮೆರವಣಿಗೆಯಲ್ಲಿ ಕಡಲ ಬದಿಗೆ ಬಂದು ಹಾಲು, ತೆಂಗಿನಕಾಯಿ, ಹೂವು ಹಣ್ಣು ಕಡಲಿಗೆ ಒಪ್ಪಿಸೂದು. ಈ ವರ್ಷ ಯಾರಿಗೂ ಎಂತದೂ ಆಗದ ಹಾಗೆ ಕಾಯಿ, ಮೀನು ಕೊಡು ಅಂತ ಬೇಡಿಕೊಳ್ಳೂದು. ಆಗಸ್ಟ್ 1ಕ್ಕೆ ನಿಷೇಧ ಮುಗಿದ್ರೂ ಕಡಲು ಒರಟಿದ್ರೆ ಎಲ್ಲ ಬೋಟ್ ಒಟ್ಟಿಗೆ ಹೊರಡೂದಿಲ್ಲ, ಒಂದೊಂದೇ ಹೋಗ್ತದೆ. ನೀವು ಆ ಸಮಯಕ್ಕೆ ಬಂದ್ರೆ ಪೂಜೆಯೂ ಸಿಗ್ತದೆ, ಹೊರಡುವ ಬೋಟ್ ಬರುವ ಬೋಟ್ ಸ್ವಲ್ಪ ಆದ್ರೂ ಕಾಣ್ತದೆ. ದ್ವೀಪ ಮಾತ್ರ ಆಗಲೂ ಸಿಗೂದಿಲ್ಲ, ಮಗನಿಗೆ ಈಗಲೇ ಹೇಳಿಡಿ.

ಆ ದೇವಸ್ಥಾನದ ಕಥೆ ಅಮ್ಮನಿಗೆ ಖಂಡಿತ ಇಷ್ಟ ಆಗ್ತದೆ. ದ್ವಾರಕೆ ಕಡೆಯಿಂದ ಬರ್ತಿದ್ದ ಹಡಗು ಮಲ್ಪೆ ಹತ್ತಿರ ಬಿರುಗಾಳಿಗೆ ಸಿಕ್ಕಿಬಿತ್ತಂತೆ, ದಡದಲ್ಲಿದ್ದ ಮಧ್ವಾಚಾರ್ಯರು ಬಟ್ಟೆ ಬೀಸಿ ಅದನ್ನ ದಡ ಸೇರಿಸಿದ್ರಂತೆ. ಹಡಗಿನವ ಏನು ಬೇಕಾದ್ರೂ ಕೇಳಿ ಅಂದಾಗ ಅವರು ಕೇಳಿದ್ದು ಗೋಪೀಚಂದನದ ಗಡ್ಡೆ. ಅದ್ರೊಳಗೆ ಇದ್ದ ಬಲರಾಮ ಇಲ್ಲಿ ವಡಭಾಂಡೇಶ್ವರದಲ್ಲಿ ಉಳಿದ, ಕೃಷ್ಣ ಉಡುಪಿಗೆ ಹೋದ. ಹಾಗಾಗಿ ಉಡುಪಿ ಕೃಷ್ಣ ಮೊದಲು ಬಂದದ್ದು ನಮ್ಮ ಕಡಲ ದಡಕ್ಕೆ, ಈ ಒಂದು ಮಾತು ಹೇಳುವಾಗ ನಮ್ಮೂರಿನ ಮಕ್ಕಳಿಗೂ ಎದೆ ಉಬ್ತದೆ.

ಮಸ್ಕತ್‌ನಲ್ಲಿರುವ ಮಲ್ಪೆಯವ:
ಇದನ್ನೆಲ್ಲ ಓದಿ ಕಣ್ಣು ತುಂಬಿತು. ಇಲ್ಲೂ ಕಡಲು ಉಂಟು, ಮೀನೂ ಉಂಟು, ಆದ್ರೆ ನೂಲ ಹುಣ್ಣಿಮೆ ದಿನ ಅಮ್ಮ ವಿಡಿಯೋ ಕಾಲ್ ಮಾಡಿ ಕಡಲು ತೋರಿಸಿದ್ರೆ ಮಾತ್ರ ಸಮಾಧಾನ.

ಇನ್ನೊಂದು ಹೇಳ್ಬೇಕು. ಮೀನುಗಾರಿಕೆ ಮಾಡುವ ನಮ್ಮ ಮೊಗವೀರರಿಗೆ ಬೊಬ್ಬರ್ಯ ಅಂದ್ರೆ ಕಡಲು ಕಾಯುವ ದೈವ. ದೈವದ ಕಥೆ ಹೇಳುವ ತುಳು ಹಾಡು ಪಾಡ್ದನದಲ್ಲಿ ಅವನ ತಂದೆ ಬ್ಯಾರಿ ವ್ಯಾಪಾರಿ. ಮುಸ್ಲಿಂ ವ್ಯಾಪಾರಿಯ ಮಗನನ್ನು ದೈವ ಅಂತ ನಂಬಿ ಕಡಲಿಗೆ ಇಳಿದ ಜನ ನಾವು. ಬರುವವರು ಕೋಲ, ಅಂದ್ರೆ ದೈವಕ್ಕೆ ಮಾಡುವ ಆರಾಧನೆ, ನೋಡ್ಬೇಕು ಅಂದ್ರೆ ಮಳೆಗಾಲದಲ್ಲಿ ಆಗೂದಿಲ್ಲ, ಮಳೆ ಮುಗಿದ ನಂತರದ ತಿಂಗಳುಗಳಲ್ಲಿ ಬನ್ನಿ, ಕೋಲದಲ್ಲೂ ಫೋಟೋ ತೆಗೆಯುವ ಮೊದ್ಲು ಮನೆಯವರನ್ನ ಕೇಳಿ.

ಸಮುದ್ರ ಪೂಜೆ ನೋಡುವಾಗ ಇದೊಂದು ಮನಸ್ಸಿನಲ್ಲಿ ಇರ್ಲಿ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟ್ 7 ಜನರ ಸಮೇತ ಕಾಣೆಯಾಯ್ತು. 5 ಜನ ಉತ್ತರ ಕನ್ನಡದವರು, ಇಬ್ಬರು ನಮ್ಮವರು. ತಿಂಗಳುಗಟ್ಟಲೆ ಹುಡುಕಿದ ಮೇಲೆ 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಹತ್ತಿರ ಕಡಲಿನ ಅಡಿಯಲ್ಲಿ ಬೋಟಿನ ಅವಶೇಷ ನೌಕಾಪಡೆಗೆ ಸಿಕ್ಕಿತು, ಜನ ಸಿಗ್ಲಿಲ್ಲ. ಆ ಐದು ತಿಂಗಳು ಊರಿನಲ್ಲಿ ಯಾರ ಮನೆಯಲ್ಲೂ ಸರಿ ನಿದ್ರೆ ಇರ್ಲಿಲ್ಲ. ಹಾಲು ಎರೆಯುವ ಆ ಕೈಗಳು ಯಾಕೆ ಅಷ್ಟು ಹೊತ್ತು ಮುಗಿದೇ ಇರ್ತವೆ ಅಂತ ಆಗ ಗೊತ್ತಾಗ್ತದೆ.

ಕಲ್ಲು ಓದುವವ:
ಮಗುಗೆ ದ್ವೀಪ ಈ ಸಲ ಇಲ್ಲ ಅಂತ ಬೇಜಾರಾಗಿರುತ್ತೆ, ಅವನಿಗೋಸ್ಕರ ಸ್ವಲ್ಪ ಬರೀತೀನಿ, ನಾನು ಭೂವಿಜ್ಞಾನ ಓದಿದವನು. ಆ ದ್ವೀಪದಲ್ಲಿ ನಿಂತಿರೋ ಕಲ್ಲಿನ ಕಂಬಗಳನ್ನ ಯಾರೂ ಕೆತ್ತಿದ್ದಲ್ಲ. ಲಾವಾ ನಿಧಾನವಾಗಿ ತಣ್ಣಗಾಗುವಾಗ ಕುಗ್ಗಿ ಬಿರುಕು ಬಿಡುತ್ತೆ, ಕೆರೆ ಒಣಗಿದಾಗ ಮಣ್ಣು ಬಿರುಕು ಬಿಡೋ ಥರಾನೇ, ಆ ಬಿರುಕು ಕೆಳಗಿನವರೆಗೂ ಇಳಿದು ಕಂಬ ಆಗುತ್ತೆ. ಹೆಚ್ಚಿನವು ಆರು ಮುಖದವು, ಐದು ಏಳು ಇರೋವೂ ಸಿಗ್ತವೆ, ಅವನು ಹೋದಾಗ ಎಣಿಸ್ಲಿ. ಸುಮಾರು 8.8 ಕೋಟಿ ವರ್ಷದ ಹಿಂದಿನ ಕಲ್ಲು, ಮಡಗಾಸ್ಕರ್ ನಮ್ಮ ಭಾರತದ ನೆಲದಿಂದ ಬೇರೆಯಾದ ಕಾಲದ್ದು. ಅಂದ್ರೆ ಆ ಕಲ್ಲಿನ ಮೇಲೆ ನಿಂತು ಪಶ್ಚಿಮಕ್ಕೆ ನೋಡಿದ್ರೆ, ಒಂದು ಕಾಲದಲ್ಲಿ ಅಂಟಿಕೊಂಡಿದ್ದ ನೆಲ ಈಗ ಸಮುದ್ರದ ಆಚೆ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ದಯವಿಟ್ಟು ಕಲ್ಲು ಚೂರು ಮನೆಗೆ ತರಬೇಡಿ, ಪ್ಲಾಸ್ಟಿಕ್ ಒಯ್ಯಬೇಡಿ, ಅಂಚಿನ ಬಂಡೆ ಹತ್ತಿ ಸೆಲ್ಫಿ ತೆಗೀಬೇಡಿ, ಅಲೆ ಬಡಿಯೋ ಕಡೆ ಪಾಚಿ ಇರುತ್ತೆ, ಜೀವ ಹೋಗಿರೋ ಉದಾಹರಣೆ ಇದೆ.

ಹಿರಿಯೂರಿನವಳು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ನೂಲ ಹುಣ್ಣಿಮೆಗೇ ಬರ್ತಿದೀವಿ, ಬೆಂಗಳೂರಿಂದ ಪಂಚಗಂಗಾ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡ್ಸಿದೀನಿ. ಊಟದ ಬಗ್ಗೆ ಏನಾದ್ರೂ ಹೇಳಿ. ಮತ್ತೆ ನಾವು ಹೊರಗಿನವರು ಪೂಜೆ ಹತ್ರ ನಿಲ್ಲಬಹುದಾ?

ಬುಟ್ಟಿ ಮಗಳು:
ನಿಲ್ಬಹುದು ಅಕ್ಕ, ಯಾರೂ ಬೇಡ ಅನ್ನೂದಿಲ್ಲ. ಮೊದಲು ಸಂಘದ ಹಿರಿಯರು ಒಪ್ಪಿಸ್ತಾರೆ, ಅಷ್ಟರ ತನಕ ಸ್ವಲ್ಪ ಹಿಂದೆ ನಿಲ್ಲಿ. ಊಟಕ್ಕೆ ಹುಳಿ ಖಾರದ ಬೂತಾಯಿ ಪುಳಿಮುಂಚಿ, ಕುಚ್ಚಲಕ್ಕಿ ಅನ್ನ, ಇದನ್ನ ಬಿಡ್ಬೇಡಿ. ನೂಲ ಹುಣ್ಣಿಮೆ ನಮ್ಮ ತುಳು ಲೆಕ್ಕದ ಆಟಿ ತಿಂಗಳ ಒಳಗೆ ಬಿದ್ರೆ ಪತ್ರೊಡೆ ಕೂಡ ಸಿಕ್ಕೀತು.

ಕುಂದಾಪ್ರದವ:
ಉಡುಪಿಯಿಂದ ಮಲ್ಪೆ ಆರು ಕಿಲೋಮೀಟರ್ ಅಷ್ಟೆ, ಸಿಟಿ ಬಸ್ ಬೇಕಾದಷ್ಟು ಇತ್ತ್, ಕಾರ್ ಮಾಡ್ಕಂಡ್ ದುಡ್ ಹಾಳ್ ಮಾಡ್ಬೇಡಿ. ಟೈಮ್ ಇದ್ರೆ ಸೇತುವೆ ದಾಟಿ ಪಡುಕೆರೆಗೆ ಹೋಯ್ನಿ, ಅಲ್ಲಿಂದ ಮಟ್ಟು ಕಡೆಗೆ ಒಂದ್ ಬದಿ ಕಡಲು ಇನ್ನೊಂದ್ ಬದಿ ಹೊಳೆ. ಮಟ್ಟು ಗುಳ್ಳ ಬೆಳೂದು ಅದೇ ಊರಲ್ಲಿ, 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದ ಬದ್ನೆ.

ಹಿರಿಯೂರಿನವಳು:
ಹೋಗಿ ಬಂದು ಒಂದು ವಾರ ಆಯ್ತು, ಇವತ್ತು ಬರೀತಿದೀನಿ. ಮೊದಲನೇ ದಿನ ಬೆಳಿಗ್ಗೆ ದಕ್ಕೆಗೆ ಹೋದಾಗ ಮಳೆ ಹನೀತಿತ್ತು. ಬೋಟ್ ಜಾಸ್ತಿ ಬಂದಿರ್ಲಿಲ್ಲ, ಒಂದು ಐದಾರು ಇಳಿಸ್ತಿದ್ವು. ಬುಟ್ಟಿ ಮಗಳು ಹೇಳಿದ ಹಾಗೇ ನಾವು ಒಂದು ಕಂಬದ ಪಕ್ಕ ನಿಂತು ಸುಮ್ನೆ ನೋಡಿದ್ವಿ, ಮೊಬೈಲ್ ಚೀಲದಿಂದ ತೆಗೀಲೇ ಇಲ್ಲ. ಏಲಂ ಆಗಿ ಚಾ ಹೊತ್ತಿಗೆ ಅಮ್ಮ ತಾವೇ ಹೋಗಿ ಒಬ್ಬ ಅಜ್ಜಿ ಪಕ್ಕ ಕೂತ್ರು. ಅವರಿಗೆ ತುಳು, ಕನ್ನಡ ಸ್ವಲ್ಪ, ನಮ್ಮಮ್ಮನದು ಹಿರಿಯೂರು ಕನ್ನಡ. ಮುಕ್ಕಾಲು ಗಂಟೆ ಮಾತಾಡಿದ್ರು. ನಿನ್ನ ಗಂಡ ಕಡಲಿಗೆ ಹೋದಾಗ ಭಯ ಆಗ್ತಿರ್ಲಿಲ್ವಾ ಅಂತ ಅಮ್ಮ ಕೇಳಿದ್ರಂತೆ, ಅವರು ಏನೂ ಹೇಳ್ದೆ ಅಮ್ಮನ ಕೈ ಹಿಡ್ಕೊಂಡ್ರಂತೆ. ನಮ್ಮಪ್ಪ ಬೋರ್‌ವೆಲ್ ಲಾರಿಯಲ್ಲಿ ಕೆಲಸ ಮಾಡ್ತಿದ್ದವರು, ತಿಂಗಳುಗಟ್ಟಲೆ ಮನೆಗೆ ಬರ್ತಿರ್ಲಿಲ್ಲ. ಅಮ್ಮ ಯಾಕೆ ಮೀನುಗಾರರ ಊರು ನೋಡ್ಬೇಕು ಅಂತಿದ್ರು ಅನ್ನೋದು ನನಗೆ ಅವತ್ತು ಅರ್ಥ ಆಯ್ತು.

ಪೂಜೆ ದಿನ ಹಿಂದೆ ನಿಂತಿದ್ವಿ. ಅಮ್ಮ ಊರಿಂದ ನಮ್ಮ ತೋಟದ ಒಂದು ತೆಂಗಿನಕಾಯಿ ತಂದಿದ್ರು ಅಂತ ನನಗೇ ಗೊತ್ತಿರ್ಲಿಲ್ಲ. ಎಲ್ಲ ಮುಗಿದು ಜನ ಕರಗಿದ ಮೇಲೆ ಅಲ್ಲಿದ್ದ ಒಬ್ರನ್ನ ಕೇಳಿದ್ರು, ಅವರು ತಾವೇ ಕಾಯಿ ಇಸ್ಕೊಂಡು ನೀರಿಗೆ ನಾಲ್ಕು ಹೆಜ್ಜೆ ಇಳಿದು ಬಿಟ್ಟು ಬಂದ್ರು, ಅಮ್ಮನ್ನ ಇಳಿಯೋಕೆ ಬಿಡ್ಲಿಲ್ಲ, ಅಲೆ ಎಳೀತದೆ ಅಮ್ಮ ನೀವು ಇಲ್ಲೇ ನಿಲ್ಲಿ ಅಂತ. ಕಾಯಿ ಎರಡು ಸಲ ದಡಕ್ಕೆ ವಾಪಸ್ ಬಂತು, ಮೂರನೇ ಸಲ ಹೋಯ್ತು. ಅದು ಕಾಣದಂಗೆ ಆಗೋವರೆಗೂ ಅಮ್ಮ ಕದಲಲಿಲ್ಲ.

ಈಗ ಹೊಸ ಆಸೆ. ಅಲ್ಲಿ ಯಾರೋ ಕೈರಂಪಣಿ ಬಲೆ ಬಗ್ಗೆ ಹೇಳಿದ್ರಂತೆ, ದಡದಲ್ಲಿ ನಿಂತು ಎರಡೂ ಕಡೆಯಿಂದ ಎಳೀತಾರಂತಲ್ಲ. ಅಮ್ಮ ಹಗ್ಗ ಹಿಡೀಬೇಕಂತೆ. ಮಗನ ದ್ವೀಪವೂ ಬಾಕಿ ಇದೆ. ಯಾವ ದಿನ ಬರೋದು ಅಣ್ಣ?

ದಕ್ಕೆ ಹುಡುಗ:
ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಕೈರಂಪಣಿಗೆ ದಿನ ಮೊದ್ಲೇ ಹೇಳ್ಲಿಕ್ಕೆ ಆಗೂದಿಲ್ಲ, ಮೀನು ದಡದ ಹತ್ತಿರ ಬಂದದ್ದು ಕಂಡ್ರೆ ಬಲೆ ಬಿಡೂದು. ಹಿಂದೆ ದೊಡ್ಡ ರಂಪಣಿ ಇದ್ದಾಗ ನೂರಾರು ಜನ ಎಳೀತಿದ್ರು ಅಂತ ಅಜ್ಜ ಹೇಳ್ತಿದ್ರು, 70ರ ದಶಕದಲ್ಲಿ ಪರ್ಸಿನ್ ಬಂದ ಮೇಲೆ ಅದು ನಿಂತೇ ಹೋಯ್ತು, ಈಗ ಉಳಿದದ್ದು ಈ ಸಣ್ಣದು ಮಾತ್ರ. ಮಳೆ ಕಮ್ಮಿ ಆಗಿ ಕಡಲು ಮೆತ್ತಗಾದ ಮೇಲೆ ಮೂರ್ನಾಲ್ಕು ದಿನ ಇಟ್ಕೊಂಡು ಬನ್ನಿ, ದ್ವೀಪದ ಬೋಟೂ ಅಷ್ಟರಲ್ಲಿ ಶುರುವಾಗಿರ್ತದೆ. ಬೆಳಿಗ್ಗೆ ಬೇಗ ಎದ್ದು ಪಡುಕೆರೆ ಬದಿ ನಡ್ಕೊಂಡು ಹೋಗಿ, ಎಳೀತಿದ್ದದ್ದು ಕಂಡ್ರೆ ಹೋಗಿ ಹಗ್ಗಕ್ಕೆ ಕೈ ಹಾಕಿ. ಕೈ ಹಾಕಿದವರಿಗೆ ಒಂದಿಷ್ಟು ಮೀನು ಕೊಡೂದು ನಮ್ಮಲ್ಲಿ ರೂಢಿ, ಒಂದು ಪಾತ್ರೆ ತರ್ಲಿಕ್ಕೆ ಮರೀಬೇಡಿ.